ನಕಲು ಯಾವುದು, ಪುನರಾವೃತ್ತಿ ಯಾವುದು?

ಡೇಟಾಬೇಸಿನ ಕೋಷ್ಟಕವೊಂದರಿಂದ ‘ನಕಲಿಲ್ಲದ ಸಾಲುಗಳನ್ನು ಆರಿಸಿರಿ’ ಎಂದು ಹೇಳಿದರೆ ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ಕ್ಷಣವೂ ಯೋಚಿಸದೆ ‘ಡಿಸ್ಟಿಂಕ್ಟ್’ ಎಂಬ ಪದವನ್ನು ಬರೆದುಬಿಡುತ್ತಾರೆ. ಉತ್ತರವೇನೋ ದೊರೆಯುತ್ತದೆ, ಅದು ಕೇಳಿದ ಪ್ರಶ್ನೆಗೆ ಉತ್ತರವೇ ಎಂದು ವಿಚಾರಿಸುವವರು ವಿರಳ.

ನಮ್ಮ ಪ್ರಯೋಗಶಾಲೆಯ ನಿದರ್ಶನವೊಂದನ್ನೇ ತೆಗೆದುಕೊಳ್ಳೋಣ. ಲೋಲಕವೊಂದರ 20 ಆಂದೋಲನಗಳಿಗೆ ಹಿಡಿದ ಕಾಲವನ್ನು ವಿದ್ಯಾರ್ಥಿಯೊಬ್ಬನು ಐದು ಸಲ ಅಳೆದು ಕೋಷ್ಟಕದಲ್ಲಿ ತುಂಬಿದನು: 40.2, 40.2, 40.2, 40.3, 40.6 ಸೆಕೆಂಡು. ‘ಸೆಲೆಕ್ಟ್ ಡಿಸ್ಟಿಂಕ್ಟ್’ ಎಂದರೆ ಗಣಕವು ಪ್ರತಿಯೊಂದು ಬೆಲೆಯನ್ನೂ ಒಮ್ಮೆ ಮಾತ್ರ ಕೊಡುತ್ತದೆ: 40.2, 40.3, 40.6. ಒಂದೇ ಒಂದು ಸಲ ಬಂದ ಬೆಲೆಗಳು ಬೇಕಾದರೆ ‘ಗ್ರೂಪ್ ಬೈ’ ಎಂದು ಸಮಾನ ಬೆಲೆಗಳನ್ನು ಗುಂಪುಗೂಡಿಸಿ, ‘ಹ್ಯಾವಿಂಗ್ ಕೌಂಟ್(*) = 1’ ಎಂದು ನಿಬಂಧನೆ ಹಾಕಬೇಕು. ಆಗ ಉಳಿಯುವುವು 40.3 ಮತ್ತು 40.6, ಎರಡೇ. ಇನ್ನು ಸರಾಸರಿಯನ್ನು ನೋಡಿರಿ. ಐದು ಅಳತೆಗಳಿಂದಲೂ ಬರುವುದು 40.30, ‘ಡಿಸ್ಟಿಂಕ್ಟ್’ ಕೊಟ್ಟ ಮೂರರಿಂದ 40.37, ಕೊನೆಯ ಎರಡರಿಂದ 40.45. ಪ್ರಕೃತಿಯು ಮೂರು ಸಲ ಹೇಳಿದ ಒಂದೇ ಮಾತನ್ನು ಗುಮಾಸ್ತನ ಕೈತಪ್ಪೆಂದು ಬಗೆದು ಅಳಿಸಿದುದರ ಫಲವಿದು! ಆ ವಿದ್ಯಾರ್ಥಿಯನ್ನು ನಾನು ಗದರಿಸಲಿಲ್ಲ; ‘ನಕಲುಗಳನ್ನು ತೆಗೆದು ಸರಾಸರಿ ಕಟ್ಟು’ ಎಂದು ಅಸ್ಪಷ್ಟವಾಗಿ ಹೇಳಿದವನು ನಾನೇ.

ಈ ಗೊಂದಲಕ್ಕೆ ಹಳೆಯ ಬೇರೊಂದು ಉಂಟು. ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಅವರು 1970ರಲ್ಲಿ ಪ್ರತಿಪಾದಿಸಿದ ಮಾದರಿಯಲ್ಲಿ ಕೋಷ್ಟಕವೆಂದರೆ ಗಣಿತದ ಗಣ. ಗಣದಲ್ಲಿ ಒಂದೇ ಅಂಶವು ಎರಡು ಸಲ ಇರಲಾರದು. ಅನಂತರ ಬಂದ ಎಸ್‌ಕ್ಯೂಎಲ್ ಭಾಷೆಯಾದರೋ ನಕಲು ಸಾಲುಗಳಿಗೂ ಎಡೆಗೊಟ್ಟಿತು. ಕಾಡ್ ಅವರು ಇದನ್ನು ದೋಷವೆಂದೇ ಟೀಕಿಸಿದರು. ಎಡೆಗೊಟ್ಟುದು ಅನುಕೂಲವೆನ್ನುವವರೂ ಇದ್ದಾರೆ. ನನಗೆ ಕಾಡ್ ಅವರ ಪಕ್ಷವೇ ಸರಿಯೆಂದು ತೋರುತ್ತದೆ. ಪ್ರತಿಯೊಂದು ಅಳತೆಗೂ ಕ್ರಮಸಂಖ್ಯೆಯೊಂದನ್ನು ಕೊಟ್ಟರೆ ಮೂರು 40.2ಗಳೂ ಮೂರು ಬೇರೆ ಬೇರೆ ಸಾಲುಗಳಾಗಿ ನಿಲ್ಲುತ್ತವೆ. ಒಂದೇ ಅಳತೆಯನ್ನು ಮರೆತು ಎರಡು ಸಲ ತುಂಬಿದ್ದರೆ, ಕ್ರಮಸಂಖ್ಯೆಯಂತೆ ಗುಂಪುಗೂಡಿಸಿ ಎಣಿಕೆಯು 1ಕ್ಕಿಂತ ಹೆಚ್ಚಾದ ಗುಂಪನ್ನು ಹುಡುಕಿದೊಡನೆ ಅದು ಸಿಕ್ಕಿಬೀಳುತ್ತದೆ. ಆದರೆ ಆ ಸಂಖ್ಯೆಯನ್ನು ಅಳತೆ ಮಾಡಿದಾಗಲೇ ಪ್ರಯೋಗದ ಪುಸ್ತಕದಲ್ಲಿ ಬರೆದಿಡಬೇಕು. ಗಣಕವು ತಾನಾಗಿಯೇ ಕೊಡುವ ಸಂಖ್ಯೆಯನ್ನು ನಂಬಿದರೆ, ಎರಡನೆಯ ಸಲ ತುಂಬಿದ ಸಾಲಿಗೂ ಹೊಸ ಸಂಖ್ಯೆ ಬಿದ್ದು, ನಕಲು ಅಸಲಿನ ವೇಷ ತೊಟ್ಟು ಕುಳಿತಿರುತ್ತದೆ.