ವೀಸಾ ಬೇಡ ಅಂದರೆ ಕೆಲಸ ಸಿಕ್ಕಿತು ಅಂತಲ್ಲ

ನಮ್ಮೂರು ಚಿಗಟೇರಿಯಲ್ಲಿ ನಾರದಮುನಿಯ ಗುಡಿಯಿದೆ. ಮೂರು ಲೋಕ ಸುತ್ತಿದರೂ ಆತನ ಪಾಸ್‌ಪೋರ್ಟ್ ಯಾರೂ ಕೇಳಲಿಲ್ಲ. ನಮಗೆ ಆ ಭಾಗ್ಯವಿಲ್ಲ. ಅದಕ್ಕೇ ಇರಬೇಕು, ‘ಭಾರತೀಯರು ಇಷ್ಟು ದೇಶಗಳಿಗೆ ವೀಸಾ ಇಲ್ಲದೆ ಹೋಗಬಹುದು’ ಎಂಬ ಪಟ್ಟಿ ಬಂದಾಗಲೆಲ್ಲ ಅದು ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುತ್ತದೆ. ಪ್ರವಾಸ ಹೊರಟವರಿಗೆ ಅದು ಖುಷಿಯ ಸುದ್ದಿಯೇ. ಆದರೆ ಡಿಗ್ರಿ ಮುಗಿಸಿ ಕೆಲಸ ಹುಡುಕುವ ನಮ್ಮಂಥವರು ಆ ಪಟ್ಟಿಯನ್ನು ಸ್ವಲ್ಪ ಅನುಮಾನದಿಂದಲೇ ಓದಬೇಕು.

ವೀಸಾರಹಿತ ಪ್ರವೇಶ ಎಂದರೆ ನೋಡಿ ಬರಲು ಕೊಟ್ಟ ಅನುಮತಿ, ದುಡಿಯಲು ಕೊಟ್ಟ ಅನುಮತಿಯಲ್ಲ. ಕೆಲಸದ ವೀಸಾ ಬೇಕಾದರೆ ಅಲ್ಲಿನ ಕಂಪನಿ ಮುಂದೆ ಬರಬೇಕು, ಕರಾರು ಪತ್ರ ಕೊಡಬೇಕು, ಯಾರಾದರೂ ಅಧಿಕಾರಿ ಅದನ್ನು ನೋಡಬೇಕು. ವೀಸಾವೇ ಬೇಡ ಅಂದಾಗ ಈ ಪರಿಶೀಲನೆಯೂ ಇರುವುದಿಲ್ಲ. ಮೋಸಗಾರ ಏಜೆಂಟ್‌ಗೆ ಬೇಕಾದದ್ದೂ ಅದೇ. ‘ಮೊದಲು ಟೂರಿಸ್ಟ್ ಆಗಿ ಹೋಗು, ಆಮೇಲೆ ವೀಸಾ ಬದಲಾಯಿಸೋಣ’ ಎನ್ನುತ್ತಾನೆ. ಹಾಗೆ ಹೋದವನು ತೊಂದರೆಗೆ ಸಿಲುಕಿದರೆ ಆ ದೇಶದ ಕಾನೂನಿಗೆ ಅವನೇ ಮೊದಲ ತಪ್ಪಿತಸ್ಥ.

ಇರಾನ್ ವಿಷಯವನ್ನೇ ನೋಡಿ. 2024ರ ಫೆಬ್ರುವರಿಯಲ್ಲಿ ಅದು ಭಾರತದ ಪ್ರವಾಸಿಗರಿಗೆ 15 ದಿನಗಳ ವೀಸಾ ವಿನಾಯಿತಿ ಕೊಟ್ಟಿತು. ಕೆಲಸ ಕೊಡಿಸುತ್ತೇವೆ, ಅಲ್ಲಿಂದ ಬೇರೆ ದೇಶಕ್ಕೆ ದಾಟಿಸುತ್ತೇವೆ ಎಂದು ನಂಬಿಸಿ ಇದೇ ದಾರಿಯಲ್ಲಿ ಜನರನ್ನು ಕರೆದೊಯ್ದರು. ಹೋದವರಲ್ಲಿ ಹಲವರನ್ನು ಹಣಕ್ಕಾಗಿ ಅಪಹರಿಸಲಾಯಿತು. ಕೊನೆಗೆ 2025ರ ನವೆಂಬರ್ 22ರಿಂದ ಇರಾನ್ ಆ ವಿನಾಯಿತಿಯನ್ನು ನಿಲ್ಲಿಸಿತು.

ಇನ್ನೊಂದು ಉದಾಹರಣೆ ನಮಗೆ, ಅಂದರೆ ಕಂಪ್ಯೂಟರ್ ಓದಿದವರಿಗೆ, ಇನ್ನೂ ಹತ್ತಿರದ್ದು. ಥಾಯ್ಲೆಂಡ್‌ನಲ್ಲಿ ‘ಡಿಜಿಟಲ್ ಮಾರ್ಕೆಟಿಂಗ್’ ಕೆಲಸವೆಂದು ಐಟಿ ಬಲ್ಲ ಯುವಕರನ್ನು ಕರೆಸಿ, ಗಡಿ ದಾಟಿಸಿ ಮ್ಯಾನ್ಮಾರ್‌ಗೆ ಸಾಗಿಸುತ್ತಿದ್ದಾರೆ ಎಂದು ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರ್‌ನಲ್ಲೇ ಎಚ್ಚರಿಸಿತ್ತು. ಅಲ್ಲಿ ಅವರ ಕೆಲಸ, ಆನ್‌ಲೈನ್‌ನಲ್ಲಿ ಜನರಿಗೆ ಟೋಪಿ ಹಾಕುವುದು. 2025ರ ಮಾರ್ಚ್‌ನಲ್ಲಿ ಇಂಥ ಅಡ್ಡೆಗಳಿಂದ ಬಿಡುಗಡೆಯಾದ 549 ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ನಮ್ಮ ರಾಜ್ಯವೂ ಈ ಜಾಲದಿಂದ ದೂರವಿಲ್ಲ. ಸೆಕ್ಯುರಿಟಿ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋದ ಕಲಬುರಗಿ ಜಿಲ್ಲೆಯ ಯುವಕರು ಯುದ್ಧಭೂಮಿಗೆ ತಳ್ಳಲ್ಪಟ್ಟು, 2024ರ ಸೆಪ್ಟೆಂಬರ್‌ನಲ್ಲಿ ಮನೆಗೆ ಮರಳಿದರು.

ಹಾಗಾದರೆ ನಮ್ಮ ಸರ್ಕಾರದ ಕಾವಲು ಇಲ್ಲವೇ? ಇದೆ. ಆದರೆ ಅದು ನಿಂತಿರುವುದು ಬೇರೆ ಬಾಗಿಲಲ್ಲಿ. 1983ರ ವಲಸೆ ಕಾಯ್ದೆಯಡಿ, ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ‘ಇಸಿಆರ್’, ಅಂದರೆ ‘ವಲಸೆ ಪರಿಶೀಲನೆ ಅಗತ್ಯ’ ವರ್ಗಕ್ಕೆ ಸೇರುತ್ತದೆ. ಅವರು ಸೌದಿ, ಯುಎಇ, ಕುವೈತ್, ಮಲೇಷ್ಯಾ ಸೇರಿದಂತೆ 18 ದೇಶಗಳಿಗೆ ದುಡಿಯಲು ಹೋಗುವ ಮೊದಲು ಕೆಲಸದ ಕರಾರು ತೋರಿಸಿ ಅನುಮತಿ ಪಡೆಯಬೇಕು, ವಿಮೆ ಮಾಡಿಸಬೇಕು. ಹತ್ತನೇ ತರಗತಿ ಪಾಸಾದವರಿಗೆ ಈ ಪರಿಶೀಲನೆ ಇಲ್ಲ. ಓದಿದವನು ತನ್ನನ್ನು ತಾನು ನೋಡಿಕೊಳ್ಳುತ್ತಾನೆ ಎಂಬ ನಂಬಿಕೆ ಇದರ ಹಿಂದಿದೆ.

ಆ ನಂಬಿಕೆ ಈಗ ಹಳತಾಗಿದೆ. ಸೈಬರ್ ವಂಚನೆಯ ಅಡ್ಡೆಗಳಿಗೆ ಬೇಕಿರುವುದು ಗಾರೆ ಕೆಲಸದವರಲ್ಲ, ಇಂಗ್ಲಿಷ್ ಟೈಪ್ ಮಾಡಬಲ್ಲ ಪದವೀಧರರು. ಮ್ಯಾನ್ಮಾರ್, ಕಾಂಬೋಡಿಯಾ, ಲಾವೋಸ್, ರಷ್ಯಾ, ಇರಾನ್ ಯಾವುವೂ ಆ 18 ದೇಶಗಳಲ್ಲಿಲ್ಲ. ಥಾಯ್ಲೆಂಡ್ ಇದ್ದರೂ, ‘ಟೂರಿಸ್ಟ್’ ಎಂದು ಹೊರಟ ಬಿಇ ಪದವೀಧರನನ್ನು ಆ ನಿಯಮ ತಡೆಯುವುದಿಲ್ಲ. ಅಂದರೆ ಇವತ್ತು ಯಾರ ಮೇಲೆ ಗಾಳ ಹೆಚ್ಚೋ, ಅವರಿಗೇ ಕಾವಲು ಕಡಿಮೆ.

ಹಾಗಂತ ಎಲ್ಲರ ಪಾಸ್‌ಪೋರ್ಟ್‌ಗೂ ಇಸಿಆರ್ ಮುದ್ರೆ ಒತ್ತುವುದು ಪರಿಹಾರವಲ್ಲ. ಅದು ಪ್ರಾಮಾಣಿಕವಾಗಿ ಹೋಗುವವರಿಗೂ ಅಲೆದಾಟ ತರುತ್ತದೆ, ಹೊಸ ದಲ್ಲಾಳಿಗಳನ್ನೂ ಹುಟ್ಟಿಸುತ್ತದೆ. ಹಳೆಯ ಕಾಯ್ದೆಯ ಬದಲಿಗೆ ತರಲು ಕೇಂದ್ರ ಸರ್ಕಾರ 2025ರ ಅಕ್ಟೋಬರ್‌ನಲ್ಲಿ ಹೊಸ ಮಸೂದೆಯ ಕರಡು ಪ್ರಕಟಿಸಿತು. ಹೊಸ ಕಾನೂನು ನೋಡಬೇಕಾದದ್ದು ಹೋಗುವವನ ಮಾರ್ಕ್ಸ್ ಕಾರ್ಡ್ ಅಲ್ಲ, ಕಳುಹಿಸುವವನ ಲೈಸೆನ್ಸ್. ಮೊಬೈಲ್‌ನಲ್ಲೇ ಜಾಹೀರಾತು ಹಾಕಿ, ಮೊಬೈಲ್‌ನಲ್ಲೇ ಸಂದರ್ಶನ ಮಾಡಿ, ಮೊಬೈಲ್‌ನಲ್ಲೇ ಹಣ ಪಡೆಯುವ ಏಜೆಂಟ್‌ನನ್ನು ಹಿಡಿಯುವ ಶಕ್ತಿ ಅದಕ್ಕಿರಬೇಕು.

ಅಲ್ಲಿಯವರೆಗೆ ನಮ್ಮ ಎಚ್ಚರ ನಮ್ಮ ಕೈಯಲ್ಲಿ. ವಿದೇಶಕ್ಕೆ ಕೆಲಸಕ್ಕೆ ಕಳುಹಿಸುವ ಏಜೆಂಟ್ ಕಡ್ಡಾಯವಾಗಿ ನೋಂದಣಿ ಮಾಡಿಸಿರಬೇಕು. ಅವನ ಹೆಸರು ‘ಇ-ಮೈಗ್ರೇಟ್’ ಪೋರ್ಟಲ್‌ನಲ್ಲಿದೆಯೇ ನೋಡಿ. ಅವನು ಪಡೆಯಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ ಮಾತ್ರ. ಲಕ್ಷಗಟ್ಟಲೆ ಕೇಳಿದರೆ ಅಲ್ಲೇ ಅನುಮಾನಿಸಿ. ವೀಸಾ ಯಾವ ಬಗೆಯದು, ಎಷ್ಟು ದಿನದ್ದು, ಕಂಪನಿಯ ಹೆಸರೇನು ಎಂಬುದನ್ನು ಬೇರೆಯವರಿಂದ ಕೇಳಿ ತಿಳಿಯಬೇಡಿ, ನೀವೇ ಓದಿ. ‘ವೀಸಾ ಆಮೇಲೆ’ ಎಂದವನಿಗೆ ‘ಹಾಗಾದರೆ ದುಡ್ಡೂ ಆಮೇಲೆ’ ಎನ್ನಿ.

ನಮ್ಮ ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ ಕಡೆ ಮಗನನ್ನು ಹೊರದೇಶಕ್ಕೆ ಕಳಿಸುವ ದುಡ್ಡು ಬರುವುದು ಮೆಕ್ಕೆಜೋಳ ಮಾರಿಯೋ, ಹೊಲ ಅಡವಿಟ್ಟೋ. ಪರದೇಶದ ಕೆಲಸ ಕೆಟ್ಟದ್ದೇನಲ್ಲ, ಅವಕಾಶ ಸಿಕ್ಕರೆ ನಾನೂ ಹೋಗುವವನೇ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ವೀಸಾಕ್ಕಾಗಿ ತಿಂಗಳುಗಟ್ಟಲೆ ಕಾಯುವುದು ಬೇಸರದ ಕೆಲಸವೇ ಇರಬಹುದು. ಆದರೂ ನಮ್ಮ ಹೆಸರಿನಲ್ಲಿ ಬಂದ ಕೆಲಸದ ವೀಸಾ ಕೈಯಲ್ಲಿದ್ದರೆ, ಪರದೇಶದಲ್ಲಿ ಸಂಬಳ ಕೇಳುವ ಹಕ್ಕೂ ನಮ್ಮ ಜೊತೆಗೇ ಬರುತ್ತದೆ.