ಬಣ್ಣದ ನೀರನ್ನು ಮೀನಿನ ಜೀವಕೋಶಗಳ ಮೇಲೂ ಪರೀಕ್ಷಿಸಲು ಕೋರಿ ಮನವಿ ಪತ್ರ

ಇವರಿಂದ: ಪಣಕಹಳ್ಳಿ ಗ್ರಾಮಸ್ಥರು, ತಾಳವಾಡಿ ತಾಲ್ಲೂಕು, ಈರೋಡ್ ಜಿಲ್ಲೆ

ಇವರಿಗೆ: ಅಧ್ಯಕ್ಷರು, ತಮಿಳುನಾಡು ಮಾಲಿನ್ಯ ನಿಯಂತ್ರಣ ಮಂಡಳಿ, ಚೆನ್ನೈ
(ಈರೋಡ್ ಜಿಲ್ಲಾಧಿಕಾರಿಗಳ ಮೂಲಕ)

ಮಾನ್ಯರೇ,

ಸಂವಿಧಾನದ 350ನೇ ವಿಧಿ ಕೊಟ್ಟಿರುವ ಹಕ್ಕಿನಂತೆ ಈ ಮನವಿಯನ್ನು ನಮ್ಮ ಮನೆಮಾತು ಕನ್ನಡದಲ್ಲೇ ಸಲ್ಲಿಸುತ್ತಿದ್ದೇವೆ.

ನಮ್ಮೂರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಸಾಯಪಟ್ಟರೆ ಇಲ್ಲ. ಆದರೆ ದಿಂಬಂ ಘಾಟಿಯ 27 ತಿರುವು ಇಳಿದು ಈರೋಡ್, ತಿರುಪ್ಪೂರಿಗೆ ದುಡಿಯಲು ಹೋದ ನಮ್ಮ ಮಕ್ಕಳು ಅಲ್ಲಿನ ಸಾಯಪಟ್ಟರೆಗಳು ಬಿಡುವ ಬಣ್ಣದ ನೀರಿನ ಮಗ್ಗುಲಲ್ಲೇ ಬಾಳುತ್ತಿದ್ದಾರೆ. 13ನೇ ಶತಮಾನದಲ್ಲಿ ಭವಾನಿಯಿಂದ ತೋಡಿದ ಕಾಲಿಂಗರಾಯನ್ ಕಾಲುವೆಗೆ ಬಣ್ಣದ ನೀರು ಸೇರಿದ್ದನ್ನೂ, 1992ರಲ್ಲಿ ನೊಯ್ಯಲ್ ನದಿಗೆ ಕಟ್ಟಿದ ಒರತ್ತುಪಾಳ್ಯಂ ಅಣೆಕಟ್ಟು ಬೆಳೆಗೆ ನೀರುಣಿಸುವ ಬದಲು ತಿರುಪ್ಪೂರಿನ ಕೊಳಕಿನ ಗುಂಡಿಯಾದದ್ದನ್ನೂ ಈ ಸೀಮೆಯವರೆಲ್ಲ ಬಲ್ಲರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ತಿರುಪ್ಪೂರಿನ ಬಣ್ಣದ ಘಟಕಗಳನ್ನು ಮುಚ್ಚಿಸಬೇಕಾಯಿತು. ಅಷ್ಟರಲ್ಲಿ ರೈತರ ಹೊಲ ಕೆಟ್ಟಿತ್ತು.

ಈಗಿನ ನಿಯಮದ ಮೀನಿನ ಪರೀಕ್ಷೆ ಕೇಳುವುದು ಇಷ್ಟೇ: ಕಾರ್ಖಾನೆ ಬಿಡುವ ನೀರಿನಲ್ಲಿ 96 ಗಂಟೆ ಇಟ್ಟ ಮೀನುಗಳಲ್ಲಿ ನೂರಕ್ಕೆ 90 ಬದುಕಿರಬೇಕು. ನಾಲ್ಕು ದಿನ ಜೀವ ಹಿಡಿದ ಮೀನಿನ ಕಿವಿರಿಗೆ ಏನಾಯಿತೆಂದು ಆ ಲೆಕ್ಕ ಹೇಳುವುದಿಲ್ಲ. ಪ್ರಯೋಗಾಲಯದಲ್ಲಿ ಬೆಳೆಸಿದ ಕಿವಿರಿನ ಕೋಶಗಳನ್ನು 24 ಗಂಟೆ ಆ ನೀರಿಗೆ ಒಡ್ಡಿದರೆ ಕೋಶದ ಪೊರೆ ಹರಿದಿದೆಯೇ, ಅದರ ಚಟುವಟಿಕೆ ಕುಗ್ಗಿದೆಯೇ ಎಂದು ಕಾಣುತ್ತದೆ. ರೇನ್‌ಬೋ ಟ್ರೌಟ್ ಮೀನಿನ ಕೋಶ ಬಳಸುವ ಈ ವಿಧಾನವನ್ನು ಅಂತರರಾಷ್ಟ್ರೀಯ ಸಂಸ್ಥೆ ಒಇಸಿಡಿ 2021ರಲ್ಲಿ ತನ್ನ 249ನೇ ಮಾರ್ಗಸೂಚಿಯಾಗಿ ಒಪ್ಪಿದೆ. ದೂರ ಹೋಗಬೇಕಿಲ್ಲ. ನಮ್ಮದೇ ರಾಜ್ಯದ ಮೇಲ್ವಿಶಾರಂನ ಸಿ. ಅಬ್ದುಲ್ ಹಕೀಂ ಕಾಲೇಜಿನ ಸಂಶೋಧಕರು ಕಟ್ಲಾ ಮೀನಿನ ಕಿವಿರಿನ ಕೋಶ ಬೆಳೆಸಿದ್ದಾರೆ, ಚರ್ಮ ಹದಮಾಡುವ ಕಾರ್ಖಾನೆಯ ನೀರನ್ನು ಮೀನಿನ ಕೋಶಗಳ ಮೇಲೆ ಪರೀಕ್ಷಿಸಿಯೂ ಇದ್ದಾರೆ.

ಆದ್ದರಿಂದ ಜಿಲ್ಲೆಯ ಬಣ್ಣದ ಘಟಕಗಳ ನೀರಿಗೆ ಕೋಶ ಪರೀಕ್ಷೆಯನ್ನೂ ಮಂಡಳಿ ಕಡ್ಡಾಯ ಮಾಡಬೇಕು. ಟ್ರೌಟ್ ತಣ್ಣೀರಿನ ಮೀನು. ಕಟ್ಲಾ, ರೋಹುವಿನಂಥ ನಮ್ಮ ನೀರಿನ ಮೀನುಗಳ ಕೋಶಗಳೇ ಇರಲಿ. ಪೈಪಿನ ಬಾಯಲ್ಲಿ ಮಾತ್ರ ಮಾದರಿ ತೆಗೆದರೆ ಸಾಲದು, ಕಾಲುವೆಯ ಕೆಳಭಾಗದಲ್ಲೂ ತೆಗೆಯಬೇಕು. ಏಕೆಂದರೆ ಬಟ್ಟೆಗೆ ಹಾಕುವ ಅಜೋ ಬಣ್ಣಗಳು ಗಾಳಿಯಾಡದ ಕೆಸರಿನಲ್ಲಿ ಒಡೆದು ಆರೊಮ್ಯಾಟಿಕ್ ಅಮೈನ್‌ಗಳಾಗುತ್ತವೆ. ಅವುಗಳಲ್ಲಿ ಕೆಲವು ಕ್ಯಾನ್ಸರ್ ತರುವಂಥವು. ಬಣ್ಣ ಮಾಸಿದ ಮಾತ್ರಕ್ಕೆ ನೀರು ಶುದ್ಧವೆಂದು ಬರೆದುಕೊಳ್ಳಬಾರದು. ಕ್ಯಾನ್ಸರ್ ತರುವಂಥ ಹಾನಿ 24 ಗಂಟೆಯ ಪರೀಕ್ಷೆಗೆ ಸಿಗದು, ಹಾಗಾಗಿ ಡಿಎನ್‌ಎ ಹರಿದಿರುವುದನ್ನು ತೋರುವ ಕಾಮೆಟ್ ಪರೀಕ್ಷೆಯನ್ನೂ ಸೇರಿಸಬೇಕು. ಇನ್ನೊಂದು ಎಚ್ಚರ ಬೇಕು. ಬದುಕಿರುವ ಕೋಶವನ್ನು ಗುರುತಿಸುವುದೂ ಬಣ್ಣದಿಂದಲೇ. ನೀರಿನ ಸ್ವಂತ ಬಣ್ಣ ಯಂತ್ರದ ಅಳತೆಯನ್ನು ಕೆಡಿಸಬಲ್ಲದು. ಕೋಶವಿಲ್ಲದ ಅದೇ ನೀರನ್ನು ಪಕ್ಕದಲ್ಲಿಟ್ಟು ಅಳೆಯದ ವರದಿಯನ್ನು ದಯವಿಟ್ಟು ಒಪ್ಪಬೇಡಿ.

ಖರ್ಚನ್ನು ಘಟಕಗಳಿಂದ ವಸೂಲು ಮಾಡಿ, ಆದರೆ ಮಾದರಿ ತೆಗೆಯುವ ಕೈ ಮಂಡಳಿಯದೇ ಆಗಿರಲಿ. ಮೊದಲ ವರದಿ ಆರು ತಿಂಗಳೊಳಗೆ ಬರಬೇಕು. ಅದನ್ನು ತಾಳವಾಡಿ ತಾಲ್ಲೂಕು ಕಚೇರಿಯ ಫಲಕದಲ್ಲಿ ತಮಿಳಿನ ಜೊತೆಗೆ ಕನ್ನಡದಲ್ಲೂ ಹಾಕಿಸಬೇಕು. ಮಕ್ಕಳನ್ನು ಘಟ್ಟದ ಕೆಳಗೆ ಕಳಿಸಿ ಕೂತಿರುವ ತಾಯ್ತಂದೆಯರು ಓದುವುದು ಕನ್ನಡವನ್ನೇ.

ತಮ್ಮ ವಿಶ್ವಾಸಿಗಳು,
ಪಣಕಹಳ್ಳಿ ಗ್ರಾಮಸ್ಥರು
(ಸಹಿಗಳನ್ನು ಲಗತ್ತಿಸಿದೆ)