ತಂದೆ ಹಾಕಿದ ಷರತ್ತು

ಮಕ್ಕಳೇ, ಗಿಟಾರ್ ಕೊಡಿಸಬೇಕೋ ಬೇಡವೋ ಎಂಬ ಜಗಳ ಈಗ ಪಟ್ಟಣದ ಮನೆಗಳಲ್ಲಿ ಮಾತ್ರ ಉಳಿದಿಲ್ಲ, ನಮ್ಮ ಬಮ್ಮಿಗಟ್ಟಿಯಂಥ ಊರಿಗೂ ಬಂದಿದೆ. ಹುಡುಗ ಮೊಬೈಲಿನಲ್ಲಿ ನೋಡಿ ಬೇಕು ಅನ್ನುತ್ತಾನೆ. “ಅದು ನಮ್ಮ ಸಂಗೀತ ಅಲ್ಲೋ ತಮ್ಮಾ, ಕಲಿಯೂದಿದ್ರ ಹಾರ್ಮೋನಿಯಂ ಕಲಿ, ತಬಲಾ ಕಲಿ” ಎಂದು ಅಪ್ಪ ಅನ್ನುತ್ತಾರೆ. ಅವ್ವ ನಡುವೆ ಸಿಕ್ಕಿಕೊಳ್ಳುತ್ತಾಳೆ. ಅರವತ್ತು ವರ್ಷಕ್ಕೂ ಹಿಂದೆ ರಾಜಸ್ಥಾನದ ಜೋಧಪುರದ ಒಂದು ಮನೆಯಲ್ಲಿ ಇದೇ ಮಾತು ನಡೆದಿತ್ತು. ಅಲ್ಲಿ ಅದು ಹೇಗೆ ಬಗೆಹರಿಯಿತು ಎಂಬುದನ್ನು ಈ ವಾರ ಹೇಳುತ್ತೇನೆ.

ಆ ಮನೆಯ ಹುಡುಗನ ಹೆಸರು ಬ್ರಿಜ್ ಭೂಷಣ್ ಕಾಬ್ರಾ. ಹುಟ್ಟಿದ್ದು 1937ರಲ್ಲಿ. ತಂದೆ ಸಂಗೀತ ಬಲ್ಲವರು. ಅಣ್ಣ ದಾಮೋದರಲಾಲ್ ಸರೋದ್ ನುಡಿಸುತ್ತಿದ್ದರು. ಇಂಥ ಮನೆಯ ಹುಡುಗ ಕಲ್ಕತ್ತಾದಲ್ಲಿ ಹವಾಯಿಯನ್ ಗಿಟಾರ್ ಕೇಳಿ ಅದಕ್ಕೆ ಮನಸೋತರು. ಆ ಕಾಲಕ್ಕೆ ನಮ್ಮ ದೇಶದಲ್ಲಿ ಗಿಟಾರ್ ಎಂದರೆ ಸಿನಿಮಾ ಹಾಡಿನ ಧಾಟಿ ನುಡಿಸುವ ವಾದ್ಯ. ರಾಗಕ್ಕೂ ಅದಕ್ಕೂ ಸಂಬಂಧವಿದೆ ಎಂದು ಯಾರೂ ನಂಬುತ್ತಿರಲಿಲ್ಲ. ತಂದೆಗೆ ಇದು ಸೇರಲಿಲ್ಲ. ಆದರೆ ಅವರು ಬಾಗಿಲು ಮುಚ್ಚಲಿಲ್ಲ, ಒಂದು ಷರತ್ತು ಹಾಕಿದರು: ಗಿಟಾರ್ ನುಡಿಸು, ಆದರೆ ಅದರಲ್ಲಿ ನಮ್ಮ ಶಾಸ್ತ್ರೀಯ ಸಂಗೀತವನ್ನೇ ನುಡಿಸಬೇಕು. ಮಗ ಒಪ್ಪಿದರು. ಮಾತು ಕೊಡುವುದು ಸುಲಭ. ಅದನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟವಿತ್ತು ಎಂಬುದು ತಿಳಿಯಬೇಕಾದರೆ ವಾದ್ಯವನ್ನು ಸ್ವಲ್ಪ ನೋಡಬೇಕು.

ಗಿಟಾರಿನ ಕುತ್ತಿಗೆಯ ಮೇಲೆ ಅಡ್ಡಡ್ಡ ಲೋಹದ ಪಟ್ಟಿಗಳಿರುತ್ತವೆ, ನೋಡಿದ್ದೀರಿ. ಒಂದು ಸಪ್ತಕಕ್ಕೆ ಹನ್ನೆರಡು ಮೆಟ್ಟಿಲು. ಬೆರಳು ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹಾರುತ್ತದೆ. ನಮ್ಮ ರಾಗಗಳಿಗೆ ಮೆಟ್ಟಿಲು ಸಾಲದು, ಜಾರುಬಂಡಿ ಬೇಕು. ರಿಷಭದಿಂದ ಗಾಂಧಾರಕ್ಕೆ ದನಿ ಕಡಿಯದೆ ಜಾರಿಕೊಂಡು ಹೋಗುವುದಕ್ಕೆ ‘ಮೀಂಡ್’ ಎನ್ನುತ್ತಾರೆ. ಮೀಂಡ್ ಇಲ್ಲದ ರಾಗ ಉಪ್ಪಿಲ್ಲದ ಝುಣಕದಂತೆ.

ಜಾರುಬಂಡಿ ಸಿಕ್ಕಿದ್ದು ಹವಾಯಿ ದ್ವೀಪದಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿನ ಜೋಸೆಫ್ ಕೆಕುಕು ಎಂಬ ಶಾಲಾ ಹುಡುಗ ಗಿಟಾರಿನ ತಂತಿಗಳ ಮೇಲೆ ಕಬ್ಬಿಣದ ತುಂಡು ಜಾರಿಸಿ ನುಡಿಸುವುದನ್ನು ರೂಢಿಗೆ ತಂದ ಎನ್ನುತ್ತಾರೆ. ವಾದ್ಯವನ್ನು ತೊಡೆಯ ಮೇಲೆ ಅಡ್ಡ ಮಲಗಿಸಬೇಕು. ಎಡಗೈಯಲ್ಲಿ ಉಕ್ಕಿನ ಸಲಾಕಿ, ಬಲಗೈಯಲ್ಲಿ ಮೀಟು. ತಂತಿ ಪಟ್ಟಿಗೆ ತಾಗುವುದೇ ಇಲ್ಲವಾದ್ದರಿಂದ ಮೆಟ್ಟಿಲುಗಳ ಹಂಗಿಲ್ಲ. ನಮ್ಮ ವಿಚಿತ್ರವೀಣೆ, ಗೋಟುವಾದ್ಯಗಳೂ ಇದೇ ಉಪಾಯದವು.

ಕಾಬ್ರಾ ಈ ಗಿಟಾರಿನ ತಂತಿಗಳನ್ನು ಇನ್ನಷ್ಟು ಮೇಲೆತ್ತಿ ಕಟ್ಟಿದರು, ಶ್ರುತಿಗೆಂದು ಬೇರೆ ತಂತಿ ಸೇರಿಸಿದರು. ಭಜನೆಯಲ್ಲಿ ಏಕತಾರಿ ಗುಂಯ್ ಎನ್ನುತ್ತ ಹಾಡಿನ ಬೆನ್ನಿಗೆ ನಿಲ್ಲುತ್ತದಲ್ಲ, ಆ ಕೆಲಸ ಈ ತಂತಿಯದು. ಗುರುವಾಗಿ ಸಿಕ್ಕವರು ಸರೋದಿನ ಉಸ್ತಾದ್ ಅಲಿ ಅಕ್ಬರ್ ಖಾನ್. ಸರೋದಿಗೂ ಮೆಟ್ಟಿಲುಗಳಿಲ್ಲ, ನುಣುಪಾದ ಲೋಹದ ತಗಡಿನ ಮೇಲೆ ಬೆರಳು ಜಾರುತ್ತದೆ. ಹಾಗಾಗಿ ಗುರುವಿನ ಬೆರಳು ಮಾಡುವುದನ್ನು ಶಿಷ್ಯ ಸಲಾಕಿಯಿಂದ ಮಾಡಬಹುದಿತ್ತು. ಆದರೂ ಗಿಟಾರಿನಲ್ಲಿ ಹಾಗೆ ರಾಗ ನುಡಿಸಿದ ಹಿರಿಯರು ಮುಂದೆ ಯಾರೂ ಇರಲಿಲ್ಲ. ನಕಲು ಮಾಡಲು ಪುಸ್ತಕ ಇಲ್ಲದ ವಿದ್ಯಾರ್ಥಿಯ ಪಾಡು ಅದು.

ವಾದ್ಯವನ್ನು ತಿದ್ದಿಕೊಳ್ಳುವುದು ನಮ್ಮ ಧಾರವಾಡಕ್ಕೂ ಹೊಸದಲ್ಲ. ಸಿತಾರರತ್ನ ರಹಿಮತ್ ಖಾನರು ಧಾರವಾಡದಲ್ಲಿ ನೆಲೆಸಿ, ಸಿತಾರಿಗೆ ತಗ್ಗಿನ ದನಿಯ ತಂತಿಗಳನ್ನು ಸೇರಿಸಿ, ಅದರ ಜೋಡಣೆಯನ್ನೇ ಬದಲಿಸಿದವರು. ಮಕ್ಕಳು, ಮೊಮ್ಮಕ್ಕಳು ಆ ವಿದ್ಯೆಯನ್ನು ಮುಂದುವರಿಸಿದರು.

ಇನ್ನು ರೆಕಾರ್ಡಿನ ವಿಷಯ. ನನ್ನ ಬಾಲ್ಯಕ್ಕೂ ಹಿಂದಿನ ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷ ಮಾತ್ರ ಹಿಡಿಯುತ್ತಿತ್ತು. ಮಲ್ಲಿಕಾರ್ಜುನ ಮನಸೂರರು, ಗಂಗೂಬಾಯಿ ಹಾನಗಲ್ಲರು ಮೊದಮೊದಲು ಹಾಡಿದ್ದು ಆ ಮೂರು ನಿಮಿಷಕ್ಕೇ. ಗಂಗೂಬಾಯಿಯವರ ಆಗಿನ ಪ್ಲೇಟುಗಳ ಮೇಲೆ ‘ಗಾಂಧಾರಿ’ ಎಂಬ ಹೆಸರಿತ್ತು. ಆಮೇಲೆ ಬಂದ ಎಲ್‌ಪಿ ರೆಕಾರ್ಡಿನ ಒಂದು ಮಗ್ಗುಲು ಇಪ್ಪತ್ತು ನಿಮಿಷ ಓಡುತ್ತಿತ್ತು. ನಿಧಾನವಾಗಿ ಆಲಾಪ ಬಿಡಿಸಿಡಲು ಜಾಗ ಸಿಕ್ಕಿತು. ಕಾಬ್ರಾ ಅವರ ಗಿಟಾರ್ ಮನೆಮನೆಗೆ ಮುಟ್ಟಿದ್ದು ಈ ಎಲ್‌ಪಿಯಿಂದ.

1967ರಲ್ಲಿ ಎಚ್‌ಎಂವಿಯ ಜಿ.ಎನ್. ಜೋಶಿಯವರು ‘ಕಾಲ್ ಆಫ್ ದಿ ವ್ಯಾಲಿ’ ಎಂಬ ರೆಕಾರ್ಡ್ ತಂದರು. ಕಾಶ್ಮೀರದ ಕುರಿಗಾಹಿಯೊಬ್ಬನ ಒಂದು ದಿನದ ಕಥೆ, ಒಂದೂ ಮಾತಿಲ್ಲದೆ. ಬೆಳಗಿಗೆ ಅಹೀರ್ ಭೈರವ್, ಕೊನೆಗೆ ಪಹಾಡಿ. ಸಂತೂರ್ ಶಿವಕುಮಾರ್ ಶರ್ಮಾ, ಕೊಳಲು ಹರಿಪ್ರಸಾದ್ ಚೌರಾಸಿಯಾ, ಗಿಟಾರ್ ಕಾಬ್ರಾ. ಮೂವರೂ ಆಗ ಮೂವತ್ತರ ಆಸುಪಾಸಿನವರು. ಸಂತೂರ್ ಕೂಡ ಶಾಸ್ತ್ರೀಯ ಸಂಗೀತಕ್ಕೆ ಆಗ ಹೊಸಬನೇ. ಹೊಸಬರು ಸೇರಿ ಮಾಡಿದ ಆ ರೆಕಾರ್ಡ್ ಇಂದಿಗೂ ಜನ ಕೇಳುತ್ತಾರೆ. ಅದಲ್ಲದೆ ಕಾಬ್ರಾ ತಾವೊಬ್ಬರೇ ಗಿಟಾರ್ ಹಿಡಿದು, ಜೊತೆಗೆ ತಬಲಾ ಇಟ್ಟುಕೊಂಡು, ರಾಗಗಳ ರೆಕಾರ್ಡುಗಳನ್ನು ಕೊಟ್ಟರು. ಅವನ್ನು ಕೇಳುವಾಗ ತಂತಿ ನುಡಿಯುತ್ತಿದೆ ಅನ್ನಿಸುವುದಕ್ಕಿಂತ ಯಾರೋ ಬಾಯಿ ಮುಚ್ಚಿ ಹಾಡುತ್ತಿದ್ದಾರೆ ಅನ್ನಿಸುತ್ತದೆ. ಹಾಡುಗಾರಿಕೆಯ ನೆಲವಾದ ನಮ್ಮ ಕಡೆಯ ಕಿವಿಗೆ ಅದು ಬೇಗ ಹಿಡಿಸುತ್ತದೆ.

ಅಲಿ ಅಕ್ಬರ್ ಖಾನರು ಅದೇ 1967ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಂಗೀತ ಶಾಲೆ ತೆರೆದರು. ಅಲ್ಲಿಯೂ ಅವರ ಬಳಿ ಒಬ್ಬ ಗಿಟಾರಿಗ ಬಂದ. ಹೆಸರು ರಾಬಿ ಬಾಶೋ. ಹಸುಳೆಯಾಗಿದ್ದಾಗಲೇ ಹೆತ್ತವರನ್ನು ಕಳೆದುಕೊಂಡು ದತ್ತು ಮನೆಯಲ್ಲಿ ಬೆಳೆದವನು. ಜಪಾನಿನ ಕವಿ ಬಾಶೋನ ಹೆಸರನ್ನು ತಾನೇ ಇಟ್ಟುಕೊಂಡವನು. ಹನ್ನೆರಡು ತಂತಿಯ ಗಿಟಾರನ್ನು ಬೇರೆಯೇ ಶ್ರುತಿಗೆ ಕಟ್ಟಿ, ಒಬ್ಬನೇ ಕುಳಿತು, ರಾಗದ ನೆರಳಿನಲ್ಲಿ ಉದ್ದುದ್ದ ರಚನೆಗಳನ್ನು ನುಡಿಸಿದ. ಬದುಕಿದ್ದಾಗ ಕೇಳಿದವರು ಕಡಿಮೆ. 1986ರಲ್ಲಿ ತೀರಿಕೊಂಡ. ಈಗ ಆ ಹಳೆಯ ರೆಕಾರ್ಡುಗಳು ಮತ್ತೆ ಅಚ್ಚಾಗಿ, ಅವನು ಕಾಣದ ಮಕ್ಕಳ ಕಿವಿಗೆ ಬೀಳುತ್ತಿವೆ. ಗಿಟಾರನ್ನು ಭಾರತಕ್ಕೆ ತಂದವರು ಒಬ್ಬರು, ಭಾರತವನ್ನು ಗಿಟಾರಿಗೆ ತಂದವನು ಇನ್ನೊಬ್ಬ. ಇಬ್ಬರಿಗೂ ಗುರು ಒಬ್ಬರೇ.

ಕಾಬ್ರಾ 2018ರಲ್ಲಿ ಅಹಮದಾಬಾದಿನಲ್ಲಿ ನಿಧನರಾದರು. ಅವರು ತುಳಿದ ದಾರಿ ಈಗ ದೊಡ್ಡ ರಸ್ತೆಯಾಗಿದೆ. ಶಿಷ್ಯ ಕಲ್ಕತ್ತಾದ ದೇಬಾಶಿಶ್ ಭಟ್ಟಾಚಾರ್ಯ ತಮ್ಮದೇ ಗಿಟಾರುಗಳನ್ನು ರೂಪಿಸಿದರು. ಜಯಪುರದ ವಿಶ್ವಮೋಹನ ಭಟ್ಟರು ಗಿಟಾರಿಗೆ ಇನ್ನೂ ತಂತಿ ಸೇರಿಸಿ ಅದನ್ನು ‘ಮೋಹನವೀಣೆ’ ಮಾಡಿ, 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದರು. ನಮ್ಮ ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಇದೇ ಬಗೆಯಲ್ಲಿ ರಾಗ ನುಡಿಸುವವರು. 2015ರಲ್ಲಿ ಗ್ರ್ಯಾಮಿ ಬಂದ ‘ವಿಂಡ್ಸ್ ಆಫ್ ಸಂಸಾರ’ದಲ್ಲಿ ಅವರ ಗಿಟಾರೂ ಇದೆ.

ಹಿರಿಯರಿಗೆ ಒಂದು ಮಾತು. ಬ್ಯಾಂಕಿನಲ್ಲಿ ಸಾಲ ಕೇಳಿ ಬಂದವರಿಗೆಲ್ಲ ನಾವು ಇಲ್ಲ ಅನ್ನುತ್ತಿರಲಿಲ್ಲ, ಕೇಳಿದಷ್ಟೂ ಎಣಿಸಿ ಕೊಡುತ್ತಲೂ ಇರಲಿಲ್ಲ. ಯಾತಕ್ಕೆ, ಹೇಗೆ ತೀರಿಸುತ್ತೀರಿ ಎಂದು ಕೇಳುತ್ತಿದ್ದೆವು. ಜೋಧಪುರದ ಆ ತಂದೆ ಮಾಡಿದ್ದೂ ಅದನ್ನೇ. ಷರತ್ತು ಹಾಕಿರಿ: ದಿನಕ್ಕೆ ಅರ್ಧ ಗಂಟೆ ಕೂಡಬೇಕು, ಒಂದು ಭಜನೆಯನ್ನಾದರೂ ಅದರಲ್ಲಿ ನುಡಿಸಬೇಕು ಅನ್ನಿರಿ. ಷರತ್ತು ಮಗುವಿಗೆ ಕೆಲಸ ಕೊಡಬೇಕು, ಹಟ ಮುರಿಯಲು ಹೂಡಿದ ಉಪಾಯವಾಗಬಾರದು.

ಗಿಟಾರ್ ಬರುವ ತನಕ ಮಕ್ಕಳೇ, ನಿಮಗೊಂದು ಕೆಲಸ. ಹಿರಿಯರನ್ನು ಜೊತೆಗೆ ಕರೆದುಕೊಳ್ಳಿ, ತಂತಿ ಹರಿದು ಕಣ್ಣಿಗೆ ಸಿಡಿಯಬಾರದು. ಉದ್ದನೆಯ ಹಲಗೆಗೆ ಎರಡು ಮೊಳೆ ಬಡಿದು ತೆಳುವಾದ ಉಕ್ಕಿನ ತಂತಿ ಬಿಗಿಯಿರಿ. ಎರಡೂ ತುದಿಗೆ ಕಟ್ಟಿಗೆಯ ಚೂರು ಸಿಕ್ಕಿಸಿ ತಂತಿಯನ್ನು ಮೇಲೆತ್ತಿರಿ. ಆ ಎರಡು ಚೂರುಗಳ ನಡುವೆ ಸರಿಯಾಗಿ 60 ಸೆಂಟಿಮೀಟರ್ ಇರಲಿ. ಮೀಟಿದರೆ ಬರುವುದು ನಿಮ್ಮ ‘ಸ’. ಈಗ ಔಷಧದ ಸಣ್ಣ ಗಾಜಿನ ಬಾಟಲಿಯನ್ನು ತಂತಿಯ ಮೇಲೆ ಹಗುರವಾಗಿ ಇಟ್ಟು, ನೀವು ಮೀಟುವ ಕಡೆ 45 ಸೆಂಟಿಮೀಟರ್ ಉಳಿಸಿರಿ: ‘ಮ’. 40 ಉಳಿಸಿದರೆ ‘ಪ’. ಸರಿ ಅರ್ಧ, 30 ಉಳಿಸಿದರೆ ಮೇಲಿನ ‘ಸ’. ಗಣಿತ ಎಲ್ಲೆಲ್ಲಿ ಅಡಗಿದೆ ನೋಡಿ! ಆಮೇಲೆ ಒಮ್ಮೆ ಮೀಟಿ, ದನಿ ನಿಲ್ಲುವ ಮೊದಲು ಬಾಟಲಿಯನ್ನು ಮೆಲ್ಲಗೆ ಜಾರಿಸಿರಿ. ಅದೇ ಮೀಂಡ್.

ಅದು ಕಿವಿಗೆ ಹತ್ತಿದ ಮೇಲೆ ಮನೆಯವರೆಲ್ಲ ಕೂತು ‘ಕಾಲ್ ಆಫ್ ದಿ ವ್ಯಾಲಿ’ ಹಾಕಿರಿ. ಕೊಳಲು ಯಾವುದು, ಸಂತೂರ್ ಯಾವುದು, ಗಿಟಾರ್ ಯಾವುದು ಎಂದು ಒಬ್ಬರಿಗೊಬ್ಬರು ಕೇಳಿರಿ. ಗಿಟಾರನ್ನು ಮೊದಲು ಗುರುತಿಸಿದವರು ಯಾರು, ನೀವೋ ನಿಮ್ಮ ಅಪ್ಪನೋ, ನನಗೆ ಬರೆದು ತಿಳಿಸಿ.